ಹುಲಿಗೆಮ್ಮನ ಮೂಲೆ

ನಮ್ಮ ಸಭೆಯ ತಿಂಗಳ ಪತ್ರಿಕೆಯಲ್ಲಿ ಈಗಾಗಲೇ ವರದಿ ಬಂದಿದೆ. ದೇವದುರ್ಗ, ಮಾನ್ವಿ, ರಾಯಚೂರಿನ ಏಳು ಮಂದಿ ಎಂಟು ದಿನ ಪಟ್ಟಣ ಸೇವೆ ಮಾಡಿ ಬಹಳ ಆಶೀರ್ವಾದ ಹೊಂದಿದರು ಎಂದು ಬರೆದಿದ್ದಾರೆ. ಫೋಟೋದಲ್ಲಿ ನಾನೂ ಇದ್ದೇನೆ, ಕಸಬರಿಗೆ ಹಿಡಿದು ನಗುತ್ತಿದ್ದೇನೆ. ನಡೆದದ್ದು ಅದಲ್ಲ. ಬಡವರ ಸೇವೆ ಮಾಡುತ್ತೇನೆಂದು ಹೋದ ನಾನು ಒಬ್ಬ ಬಡ ಹೆಣ್ಣುಮಗಳ ಕಾಳಿನ ರಾಶಿಯನ್ನು ಬಳಿದು ಕಸದ ಟ್ರ್ಯಾಕ್ಟರಿಗೆ ಸುರಿದೆ. ಫೋಟೋ ತೆಗೆದದ್ದು ಸರಿಯಾಗಿ ಆಗಲೇ.

ಅದಕ್ಕೆ ನಾನೇ ಬರೆಯಲು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಒತ್ತಕ್ಷರ ತಿದ್ದಿದ್ದು ನನ್ನ ಮಗಳು. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ದೇವದುರ್ಗ

ಪರದೇಶ ನೋಡಿ ಬಂದವರ ಹಾಗೆ ಬರೆಯುತ್ತೀಯಲ್ಲ, ಹೋಗಿದ್ದು ರಾಯಚೂರಿಗೆ ಎಂದು ಮಗಳು ನಕ್ಕಳು. ನಗಲಿ. ಅರವತ್ತೆಂಟು ವರ್ಷದಲ್ಲಿ ನಾನು ರಾಯಚೂರಿಗೆ ಹೋಗಿದ್ದು ಮೂರು ಸಲ. ಮೂರೂ ಸಲ ಸಂಜೆ ಬಸ್ಸಿಗೆ ವಾಪಸು. ಒಂದು ಊರಲ್ಲಿ ಮಲಗಿ ಎದ್ದು ಅಲ್ಲಿನ ನೀರಿನಲ್ಲಿ ಮುಖ ತೊಳೆಯದೆ ಆ ಊರು ನೋಡಿದೆ ಎನ್ನಲು ಬರುವುದಿಲ್ಲ.

ನಾನು ಹೋದದ್ದು ಯಾರೋ ಕರೆದಿದ್ದಕ್ಕಲ್ಲ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಪಾಸ್ಟರು, ಅಯ್ಯನವರು, ಪಟ್ಟಣ ಸೇವೆಗೆ ಯಾರು ಬರುತ್ತೀರಿ ಎಂದು ಕೇಳಿದರು. ಒಬ್ಬರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ನಾನು ಎತ್ತಿದ್ದನ್ನು ನೋಡಿ ಅಯ್ಯನವರು ಇನ್ನೊಂದು ಸಲ ಕೇಳಿದರು.

ಅವರದು ತಪ್ಪಿಲ್ಲ. ಸಭೆಯಲ್ಲಿ ನನ್ನ ಬಾಯಿಗೆ ಹೆದರುತ್ತಾರೆ. ಯಾರ ಮನೆಯ ಸಾರು ತೆಳ್ಳಗಿದೆ, ಯಾರ ಪ್ರಾರ್ಥನೆ ಉದ್ದವಾಯಿತು, ಎಲ್ಲವನ್ನೂ ಮುಖಕ್ಕೇ ಹೇಳುತ್ತೇನೆ. ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಒಂದು ಆಳಿನ ಜಾಗ ಯಾವಾಗಲೂ ಖಾಲಿ ಇರುತ್ತದೆ. ತಡವಾಗಿ ಬಂದವರು ಬಾಗಿಲ ಹೊರಗೆ ನಿಲ್ಲುತ್ತಾರೆ, ಅಲ್ಲಿ ಕೂಡುವುದಿಲ್ಲ. ಹೊರಡುವ ದಿನ ಬಸ್ಸು ಹತ್ತಿಸುವಾಗ ಅಯ್ಯನವರು ಹೇಳಿದ್ದು ಒಂದೇ ಮಾತು: "ರಾಹೇಲಮ್ಮ, ಬಾಯಿ ಒಂದು ಕಾಯ್ಕೋರಿ. ಗುಂಪಿನಾಗ ಜಗಳ ಆದ್ರ ಮರುದಿನದ ಬಸ್ಸಿಗೇ ವಾಪಸ್ ಕಳಸ್ತಾರ."

ಬಸ್ಸಿನಲ್ಲಿ ಪೂರಾ ಅದೇ ಮಾತು. ಗಬ್ಬೂರು ಬರುವಷ್ಟರಲ್ಲಿ ಬಿಪಿ ಮಾತ್ರೆಯ ಗಂಟನ್ನು ನಾಲ್ಕು ಸಲ ಬಿಚ್ಚಿ ನೋಡಿದ್ದೆ. ಕೋಳಿ ಬುಟ್ಟಿ ಮುಚ್ಚಿದೆನೋ ಇಲ್ಲವೋ ನೆನಪಾಗಲಿಲ್ಲ. ಈ ವಯಸ್ಸಿನಲ್ಲಿ ವಾಪಸು ಕಳಿಸಿಕೊಂಡು ಬಂದರೆ ಚಾಪೆಯ ಮೇಲಿನ ಆ ಖಾಲಿ ಜಾಗ ಎರಡು ಆಳಿನಷ್ಟಾಗುತ್ತದೆ. ಬಸ್ಸಿನ ಕಿಟಕಿಯಿಂದ ಕಂಡದ್ದು ಅದೊಂದೇ, ಹೊಲಗಿಲ ಏನೂ ಕಾಣಲಿಲ್ಲ.

ರಾಯಚೂರು

ಶಾಲೆಯ ಗುಡಿಸಿದ ಕೋಣೆಯೊಂದರಲ್ಲಿ ನಮ್ಮನ್ನು ಇಳಿಸಿದರು. ಮುಖ್ಯಸ್ಥೆ ಪ್ರೇಮಾ ಮೇಡಂ, ಕನ್ನಡ ಶಾಲೆಯಿಂದ ನಿವೃತ್ತರಾದವರು. ಒಳ್ಳೆಯವರು, ಆದರೆ ಎಲ್ಲದಕ್ಕೂ ಪಟ್ಟಿ ಮಾಡುತ್ತಾರೆ. ಎಷ್ಟು ಗಂಟೆಗೆ ಏಳುವುದು, ಯಾರು ಉಳ್ಳಾಗಡ್ಡಿ ಹೆಚ್ಚುವುದು, ಯಾರು ಬೈಬಲ್ ವಾಕ್ಯ ಓದುವುದು ಎಲ್ಲ ಗೋಡೆಯ ಮೇಲೆ. ಓದುವ ಪಾಳಿ ಎಲ್ಲಿ ನನ್ನ ಮೇಲೆ ಬರುತ್ತದೋ ಎಂದು ನಾನು ದಿನಾ ಆ ಗೋಡೆಯ ಮುಂದೆ ನಿಂತು ನನ್ನ ಹೆಸರು ಹುಡುಕುತ್ತಿದ್ದೆ.

ರಾಯಚೂರಿನವರ ರೀತಿಯೇ ಬೇರೆ. ನಮ್ಮಲ್ಲಿ ಹೊಸಬರನ್ನು ಕಂಡರೆ ಯಾರ ಮಗಳು, ಯಾರ ಸೊಸೆ ಎಂದು ಮೊದಲು ಕೇಳುತ್ತಾರೆ. ಅಲ್ಲಿ ಮುಖ ನೋಡಿ ತೆಲುಗಿನಲ್ಲಿ ಮಾತಾಡಿಸುತ್ತಾರೆ. ಸುಮ್ಮನಿದ್ದರೆ ಉರ್ದು. ಅದಕ್ಕೂ ಸುಮ್ಮನಿದ್ದರೆ ಕನ್ನಡ. ಯಾರ ಮಗಳು ಎಂದು ಕೊನೆಯವರೆಗೂ ಕೇಳುವುದಿಲ್ಲ. ಚಹಾ ಒಂದು ಗುಟುಕಿನಷ್ಟು ಕೊಟ್ಟು ಗ್ಲಾಸು ಯಾವಾಗ ವಾಪಸು ಬರುತ್ತದೆ ಎಂದು ನಿಂತಿರುತ್ತಾರೆ.

ನಮಗೆ ಒಪ್ಪಿಸಿದ ಸೇವೆ ಗಂಜಿನಲ್ಲಿ. ಗಂಜ್ ಎಂದರೆ ರೈತರ ಕಾಳು ಬಂದು ತೂಕವಾಗುವ ದೊಡ್ಡ ಮಾರುಕಟ್ಟೆ. ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುವಾಗ ತೊಗರಿ, ಜೋಳ, ಭತ್ತ ಹಿಡಿ ಹಿಡಿ ಚೆಲ್ಲುತ್ತದೆ. ಅದನ್ನು ಮಣ್ಣಿನ ಸಮೇತ ಗುಡಿಸಿ, ಜರಡಿ ಹಿಡಿದು, ಮೊರದಲ್ಲಿ ಕೇರಿ ಬದುಕುವ ಹೆಂಗಸರು ಅಲ್ಲಿದ್ದಾರೆ. ಅವರಿಗೆ ಬೆಳಿಗ್ಗೆ ಉಪ್ಪಿಟ್ಟು ಕೊಡುವುದು ನಮ್ಮ ಕೆಲಸ. ಗಂಜಿನ ಉಸ್ತುವಾರಿ ನೋಡುವ ಮುಕಾದಮ ಮೊದಲ ದಿನವೇ ನಮ್ಮನ್ನು ಗೇಟಿನ ಹತ್ತಿರ ನಿಲ್ಲಿಸಿ, ಹಾಡುಗೀಡು ಬೇಡ, ಪುಸ್ತಕ ಹಂಚುವುದು ಬೇಡ, ನಾಷ್ಟಾ ಕೊಟ್ಟು ಹೋಗಿ, ಒಂದು ತಕರಾರು ಬಂದರೂ ಒಳಗೆ ಬಿಡುವುದಿಲ್ಲ ಎಂದ. ಅಂದಿನಿಂದ ಪ್ರೇಮಾ ಮೇಡಂ ನಮ್ಮಲ್ಲಿ ಯಾರ ಮೊಬೈಲಿನಲ್ಲಿ ಹಾಡು ಬಂದರೂ ಬೆಚ್ಚಿ ನೋಡುತ್ತಿದ್ದರು.

ಮೂರು ದಿನ ಗೇಟಿನ ಬಳಿ ಬಡಿಸಿದೆವು. ಸೌಟು ಹಿಡಿದವರು ಒಂದು ಕಡೆ, ತಟ್ಟೆ ಹಿಡಿದವರು ಒಂದು ಕಡೆ. ಅವರು ನಿಂತೇ ತಿಂದು, ತಟ್ಟೆ ತೊಳೆದಿಟ್ಟು, ಒಳಗೆ ಹೋಗುತ್ತಿದ್ದರು. ಒಬ್ಬಳು ಮಾತ್ರ, ಗಟ್ಟಿ ಮೈಯ ನರಸಮ್ಮ, ಉಪ್ಪು ಕಡಿಮೆ ಎಂದು ದಿನಾ ಹೇಳುತ್ತಿದ್ದಳು. ನಿಜವಾಗಿಯೂ ಕಡಿಮೆ ಇತ್ತು. ನಮ್ಮ ಗುಂಪಿನವರು ಕಾರ್ಯಕ್ರಮ ಚೆನ್ನಾಗಿ ನಡೆಯುತ್ತಿದೆ ಎಂದು ಸಂಜೆ ಸ್ತೋತ್ರ ಮಾಡುವಾಗ ನನಗೆ ಒಳಗೊಳಗೇ ಕಸಿವಿಸಿ. ಮೂರು ದಿನ ಬಡಿಸಿದ ಮೇಲೂ ನಮಗೆ ಗೊತ್ತಿದ್ದದ್ದು ಒಂದು ಹೆಸರು, ಅದೂ ಬೈದವಳದು.

ಅಮಾವಾಸ್ಯೆ

ನಾಲ್ಕನೇ ದಿನ ಅಮಾವಾಸ್ಯೆ. ವ್ಯಾಪಾರಿಗಳು ಅಂದು ತಕ್ಕಡಿ ಮುಟ್ಟುವುದಿಲ್ಲ, ಗಂಜಿಗೆ ರಜೆ. ಖಾಲಿ ಇರುವ ದಿನ ಚೀಲ ಇಳಿಸುವ ಕಟ್ಟೆಗಳನ್ನು ಗುಡಿಸಿಕೊಡುತ್ತೇವೆ ಎಂದು ಪ್ರೇಮಾ ಮೇಡಂ ಮುಕಾದಮನನ್ನು ಒಪ್ಪಿಸಿದ್ದರು. ಅಂದು ಬೆಳಗಿನ ವಾಕ್ಯವೂ ನೆನಪಿದೆ: ಪೈರು ಕೊಯ್ಯುವಾಗ ಹೊಲದ ಮೂಲೆಯನ್ನು ಬಡವರಿಗೆ ಬಿಡಬೇಕು ಎಂಬುದು. ಎಲ್ಲರ ಜೊತೆ ನಾನೂ ಆಮೆನ್ ಎಂದೆ.

ನಡುವಿನ ಕಟ್ಟೆ ಗುಡಿಸಿದರೆ ಸಾಕು ಎಂದರು ಮೇಡಂ. ನನಗೆ ಸಾಕಾಗಲಿಲ್ಲ. ಮೂಲೆ ಬಿಟ್ಟು ಗುಡಿಸುವುದನ್ನು ನಾನು ಸೊಸೆಗೂ ಬಿಟ್ಟವಳಲ್ಲ. ಪಶ್ಚಿಮದ ಮೂಲೆಯಲ್ಲಿ ಮೊಣಕಾಲೆತ್ತರ ಒಂದು ರಾಶಿ ಇತ್ತು, ಮೇಲೆ ದೂಳು, ಹೊಟ್ಟು. ತುದಿಯಲ್ಲಿ ಒಂದು ಬೇವಿನ ಕಡ್ಡಿ ಸಿಕ್ಕಿಸಿತ್ತು, ಕಡ್ಡಿಗೆ ಹರಿದ ಕೆಂಪು ಬಟ್ಟೆ. ಗಾಳಿಗೆ ಬಂದು ಸಿಕ್ಕಿಕೊಂಡ ಕಸ ಎಂದುಕೊಂಡೆ. ಬುಟ್ಟಿ ಬುಟ್ಟಿ ತುಂಬಿ ಟ್ರ್ಯಾಕ್ಟರಿಗೆ ಹಾಕಿದೆ. ಕೆಳಗೆ ತೊಗರಿ ಕಂಡಿತು. ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಹುಳ ಹಿಡಿದ ಹಳೆಯ ಕಾಳು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಮುಗಿಸುವ ಆತುರ. ಫೋಟೋ ತೆಗೆದರು. ಟ್ರ್ಯಾಕ್ಟರು ಹೋಯಿತು.

ಇನ್ನೂ ಮಧ್ಯಾಹ್ನವಾಗಿರಲಿಲ್ಲ, ನರಸಮ್ಮ ಬಂದಳು. ಆಕೆಯ ಮನೆ ಗಂಜಿನ ಗೋಡೆಯ ಆಚೆಗೇ ಇದೆಯಂತೆ. ಮೂಲೆ ನೋಡಿ ನಿಂತುಬಿಟ್ಟಳು.

"ಇಲ್ಲಿ ರಾಶಿ ಇತ್ತಲ್ಲ, ಯಾರು ತಗದ್ರು?"

ಎಲ್ಲರೂ ನನ್ನ ಕಡೆ ನೋಡಿದರು.

ಆಗ ನರಸಮ್ಮ ತಿಳಿಸಿ ಹೇಳಿದ್ದು ಇದು. ಆ ಹೆಂಗಸರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಬರೆದ ಕಾಗದವಿಲ್ಲ, ಯಾರೂ ಕೊಟ್ಟದ್ದಲ್ಲ. ದಿನಾ ಬಂದು ಕೂತರೆ ಅದು ಅವಳದು. ಎರಡು ದಿನ ಎಲ್ಲಿಗಾದರೂ ಹೋಗಬೇಕಾದರೆ ಗುಡಿಸಿದ ಕಾಳನ್ನು ರಾಶಿ ಮಾಡಿ, ಬೇವಿನ ಕಡ್ಡಿಗೆ ತನ್ನ ಸೀರೆಯ ಚೂರು ಕಟ್ಟಿ ಮೇಲೆ ಸಿಕ್ಕಿಸಿ ಹೋಗುತ್ತಾಳೆ. ರಾಶಿ ಇರುವವರೆಗೆ ಯಾರೂ ಅಲ್ಲಿ ಕಾಲಿಡುವುದಿಲ್ಲ. ಬೆಳಿಗ್ಗೆ ಮೊದಲ ಗಾಡಿ ಬರುವಾಗ ಮೂಲೆ ಖಾಲಿ ಕಂಡರೆ, ಯಾರು ಬಂದು ಕೂತರೆ ಅವರದು. ಈ ಮೂಲೆ ಹುಲಿಗೆಮ್ಮನದು, ಅವಳ ಅತ್ತೆ ಕೂತಿದ್ದ ಜಾಗ. ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಗಳ ಹೆರಿಗೆ ಎಂದು ಮೊನ್ನೆ ಹೋಗಿದ್ದಾಳೆ.

"ನಾಳಿ ಗಂಜ್ ತೆರೀತದ," ಎಂದಳು ನರಸಮ್ಮ. "ಪಾಳಿ ಕಾಯಾಕತ್ತಿದ್ದ ಹೆಣ್ಣಮಗಳು ಒಬ್ಬಾಕಿ ಅದಾಳ. ಆಕಿಗೂ ಹೊಟ್ಟಿ ಅದ. ನಾ ಹೆಂಗ ಬ್ಯಾಡ ಅನ್ಲಿ?"

ನೀನೇ ಹುಲಿಗೆಮ್ಮನ ಹೆಸರಿನಲ್ಲಿ ಕೂತುಕೋ ಎಂದೆ. ಹಾಗೆ ಕೂಡಲು ಬರುವುದಿಲ್ಲವಂತೆ. ತನ್ನ ಮೂಲೆ ಬಿಟ್ಟರೆ ತನ್ನದೂ ಹೋಗುತ್ತದೆ. ಬೇರೆಯವರು ಕೂಡಬಹುದು, ಆದರೆ ಹುಲಿಗೆಮ್ಮ ಹೇಳಿ ಕಳಿಸಿದವಳೇ ಆಗಬೇಕು. ಅವಳ ಅಳಿಯನ ಮೊಬೈಲಿಗೆ ಮೇಡಂ ಮೂರು ಸಲ ಹಚ್ಚಿದರು, ಬಂದ್ ಆಗಿತ್ತು.

ಪ್ರೇಮಾ ಮೇಡಂ ಬೆವೆತುಹೋಗಿದ್ದರು. ಇದು ಮುಕಾದಮನ ಕಿವಿಗೆ ಬಿದ್ದರೆ ಕಾರ್ಯಕ್ರಮವೇ ನಿಲ್ಲುತ್ತದೆ ಎಂಬ ಚಿಂತೆ ಅವರದು. ಒಂದು ಚೀಲ ಅಕ್ಕಿ ಕೊಟ್ಟು ಸರಿ ಮಾಡೋಣ ಎಂದರು. ನರಸಮ್ಮ ನಕ್ಕಳು. ಅಕ್ಕಿ ಹತ್ತು ದಿನ ಬರುತ್ತದೆ, ಮೂಲೆ ಹತ್ತು ವರ್ಷ ಬರುತ್ತದೆ ಎಂದಳು.

ಮದುವೆಗೆ ಮುಂಚೆ ನಾನೂ ಅವ್ವನ ಹಿಂದೆ ಹೊಲಹೊಲ ತಿರುಗಿ ಹಕ್ಕಲು ಆಯ್ದವಳು. ಕೊಯ್ದ ಮೇಲೆ ಬಿದ್ದ ತೆನೆಗೆ ಎಷ್ಟು ಬೆಲೆ ಎಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಮೂರು ದಿನ ಸೌಟು ಹಿಡಿದ ಕೂಡಲೇ ಮರೆತುಬಿಟ್ಟಿದ್ದೆ.

ಮಾನ್ವಿ

ಮೇಡಂ ಬೇಡ ಎನ್ನುತ್ತಿದ್ದರೂ, ಹುಲಿಗೆಮ್ಮನನ್ನೇ ಕಳಿಸಿಕೊಡುತ್ತೇನೆಂದು ನಾನು ಬಸ್ ನಿಲ್ದಾಣಕ್ಕೆ ಬಂದೆ. ಯಾರೂ ಹತ್ತಿಸದೆ ನಾನೇ ಬಸ್ಸು ಹುಡುಕಿ ಹತ್ತಿದ್ದು ಜೀವನದಲ್ಲಿ ಅದೇ ಮೊದಲು. ಬೋರ್ಡು ನಾನು ಅಕ್ಷರ ಅಕ್ಷರ ಕೂಡಿಸಿ ಓದಬೇಕು, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಮೊದಲು ಹತ್ತಿದ್ದು ತಪ್ಪು ಬಸ್ಸು. ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸಿ ಮಾನ್ವಿ ಎಂದಾಗ ಕಂಡಕ್ಟರು, "ಯವ್ವಾ, ಇದು ಮಟಮಾರಿ ಕಡೆ ಹೋಗ್ತದ, ಇಳಿ ಇಳಿ," ಎಂದು ನಿಲ್ದಾಣದ ಗೇಟಿನಲ್ಲೇ ಇಳಿಸಿದ. ಆಮೇಲೆ ಒಬ್ಬ ಹೂ ಮಾರುವ ಹೆಂಗಸು ಕೈ ಹಿಡಿದು ಮಾನ್ವಿ ಬಸ್ಸಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಎರಡು ಮಾತು ಹೊಂದಿಸುತ್ತಿದ್ದೆ. ತಪ್ಪಾಯಿತು ಎಂಬ ಮಾತನ್ನು ಹೇಗೆ ಶುರು ಮಾಡುತ್ತಾರೆ ಎಂಬುದೇ ನನಗೆ ಗೊತ್ತಿಲ್ಲ. ಅಭ್ಯಾಸವಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಹುಲಿಗೆಮ್ಮ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಐವತ್ತರ ಆಜುಬಾಜು, ಕೆಂಪು ಸೀರೆ. ಗಂಜಿನ ಉಪ್ಪಿಟ್ಟಿನ ಅಜ್ಜಿ ಎಂದು ಗುರುತು ಹಿಡಿದಳು. ಕೂಸಿಗೆ ಪ್ರಾರ್ಥನೆ ಮಾಡಲು ಇಷ್ಟು ದೂರ ಬಂದೆಯಾ ಎಂದು ಕೇಳಿದಳು, ಸ್ವಲ್ಪ ಅನುಮಾನದಿಂದಲೇ.

"ಪ್ರಾರ್ಥನಿ ಮಾಡಾಕ ಬಂದಿಲ್ಲ," ಎಂದೆ. "ನಿನ್ನ ರಾಶಿ ಕಸ ಅಂತ ತಿಳಕೊಂಡು ಚೆಲ್ಲೀನಿ."

ಅವಳು ಬಟ್ಟೆ ಹಿಂಡುತ್ತಲೇ ಇದ್ದಳು. ನೀರು ಇಲ್ಲದಿದ್ದರೂ ಹಿಂಡುತ್ತಿದ್ದಳು.

"ಎಲ್ಲಾ?"

"ಎಲ್ಲಾ."

"ಕಡ್ಡಿ?"

"ಕಡ್ಡೀನೂ."

"ನಿಮ್ಮ ಮನಿ ಕಸ ಹೊಡಕೊಂಡು ಇರಾಕ ಆಗಲಿಲ್ಲೇನು ನಿಮಗ? ಇಲ್ಲಿತನ ಬಂದು ನಮ್ಮದು ಹೊಡೀಬೇಕಿತ್ತೇನು?"

ಇಂಥ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲದ ದಿನ ಇರಲಿಲ್ಲ. ಅಂದು, ನಿನ್ನ ಮಗಳನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಈಗಲೇ ಗಂಜಿಗೆ ಹೋಗು ಎಂದು ಮಾತ್ರ ಹೇಳಿದೆ.

"ಒಂದು ರಾಶಿ ಇಡಾಕ ಆಗಲಿಲ್ಲ ನಿನಗ," ಎಂದಳು. "ಹಸಿ ಬಾಣಂತಿನ ನಿನ್ನ ಕೈಯಾಗ ಬಿಟ್ಟು ಹೋಗ್ಲೇನು?"

ಮಗಳಿಗೆ ಬೇರೆ ಯಾರೂ ಇರಲಿಲ್ಲ, ಅಳಿಯ ಭತ್ತ ಕೊಯ್ಯುವ ಮಿಶಿನ್ನಿನ ಹಿಂದೆ ಚೀಕಲಪರ್ವಿ ಕಡೆಗೆ ಹೋಗಿದ್ದಾನಂತೆ. ಹುಲಿಗೆಮ್ಮ ಹಿಂಡಿದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಇಟ್ಟಳು. ಆಮೇಲೆ ಎದ್ದು ಬೇವಿನ ಟೊಂಗೆಯಿಂದ ಒಂದು ಕಡ್ಡಿ ಮುರಿದಳು. ಸೀರೆಯ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಒಂದು ಚೂರು ಹರಿದು ಅದಕ್ಕೆ ಕಟ್ಟಿದಳು.

"ಕೆಡಿಸಿದಾಕಿ ನೀನು, ಕೂಡಾಕಿ ನೀನು. ಬ್ಯಾರೆಯವರ ಹೆಸರಿಲೆ ಕೂತಾಕಿ ಸಂಜಿತನ ಏಳಾಂಗಿಲ್ಲ. ಇದು ಕಂಡ್ರ ನರಸಮ್ಮಗ ಗೊತ್ತಾಗ್ತದ. ಬರೇ ಕಡ್ಡಿ ಇಟ್ರ ನಡ್ಯಾಂಗಿಲ್ಲ, ಕೆಳಗ ಕಾಳು ಇರಬೇಕು. ಅಂಗಡಿಯಿಂದ ತಂದು ಸುರುವಬ್ಯಾಡ, ಗಂಜಿನ ಕಾಳೇ ಆಗಬೇಕು."

"ಗಂಜಿನ ಕಾಳು ಎಲ್ಲಿಂದ ತರ್ಲಿ?"

"ಬೇಡು," ಎಂದಳು.

ಬಸ್ಸಿಗೆ ಹೊರಟಾಗ ಕರೆದು, ಊಟವಾಗಿದೆಯೇ ಎಂದು ಕೇಳಿದಳು. ಆಗಿದೆ ಎಂದು ಸುಳ್ಳು ಹೇಳಿದೆ. ಸುಳ್ಳೆಂದು ತಿಳಿದು ಒಂದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಮಡಚಿ ಕೈಗಿಟ್ಟಳು. ಬಸ್ಸಿನಲ್ಲಿ ತಿಂದೆ. ಕಡ್ಡಿ ಮುರಿದೀತೆಂದು ಅದನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ತಿಂದೆ.

ಮತ್ತೆ ರಾಯಚೂರು

ಸಂಜೆ ಪ್ರೇಮಾ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ಹೆದರಿಕೆಯಿಂದ ಮುಖ ಕಪ್ಪಿಟ್ಟಿತ್ತು. ಹೇಳಿದ್ದೆಲ್ಲ ಕೇಳಿಸಿಕೊಂಡರು. ಕೊನೆಗೆ ಗೋಡೆಯ ಪಟ್ಟಿ ತೋರಿಸಿದರು. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿರುವುವ ಪಾಳಿ ನನ್ನದು, ವಾಕ್ಯ ಓದುವುದೂ ನನ್ನದೇ.

"ಗುಂಪು ಬಿಟ್ಟು ಒಬ್ಬರೇ ಗಂಜಿಗೆ ಹೋಗಬ್ಯಾಡ್ರಿ, ರಾಹೇಲಮ್ಮ. ಮುಕಾದಮ ನೋಡಿದ್ರ ಎಲ್ಲರನ್ನೂ ಹೊರಗ ಹಾಕ್ತಾನ. ಹೋದ್ರ ನಾನು ನಿಮ್ಮನ್ನ ದೇವದುರ್ಗಕ್ಕ ಕಳಸಬೇಕಾಗ್ತದ. ಅಯ್ಯನವರಿಗೆ ಮಾತು ಕೊಟ್ಟೀನಿ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ನಲವತ್ತು ಹೆಂಗಸರ ನಾಷ್ಟಾ ಒಂದು ಕಡೆ, ಒಬ್ಬಳ ಮೂಲೆ ಒಂದು ಕಡೆ. ಮಲಗಿದೆ, ನಿದ್ದೆ ಬರಲಿಲ್ಲ. ಕಡ್ಡಿ ತಲೆದಿಂಬಿನ ಪಕ್ಕ ಇತ್ತು. ಖಾಲಿ ಚಾಪೆ, ಖಾಲಿ ಮೂಲೆ ಎರಡೂ ಕಣ್ಣ ಮುಂದೆ ಬಂದು ಬಂದು ಹೋಗುತ್ತಿದ್ದವು.

ಮರುದಿನ ಬೆಳಿಗ್ಗೆ

ಎಲ್ಲರೂ ಏಳುವ ಮುಂಚೆ ರವೆ ಹುರಿದಿಟ್ಟೆ, ಉಳ್ಳಾಗಡ್ಡಿ ಹೆಚ್ಚಿಟ್ಟೆ. ಉಪ್ಪು ಅಳೆದು ಬಟ್ಟಲಿನಲ್ಲಿ ಇಟ್ಟೆ, ಒಂದು ಚಮಚ ಹೆಚ್ಚಿಗೆ. ಓದುವ ಪಾಳಿಗೆ ಏನೂ ಮಾಡಲು ಬರಲಿಲ್ಲ. ಕಡ್ಡಿ ಹಿಡಿದು ಗಂಜಿಗೆ ಹೋದೆ.

ಹೆಂಗಸರು ಆಗಲೇ ಬಂದು ಮೊನ್ನೆಯ ಕಾಳಿಗೆ ಜರಡಿ ಹಿಡಿಯುತ್ತಿದ್ದರು. ಹುಲಿಗೆಮ್ಮನ ಮೂಲೆಯ ಹತ್ತಿರ ತೆಳ್ಳನೆಯ ಒಬ್ಬ ಹೆಣ್ಣುಮಗಳು ಕಸಬರಿಗೆ ಊರಿಕೊಂಡು ನಿಂತಿದ್ದಳು. ಪಾಳಿ ಕಾಯುತ್ತಿದ್ದವಳು ಅವಳೇ. ಮೂಲೆಯ ಒಳಗೆ ಕಾಲಿಟ್ಟಿರಲಿಲ್ಲ, ಮೊದಲ ಗಾಡಿಗೆ ಕಾಯುತ್ತಿದ್ದಳು. ಕಾನೂನು ತಿಳಿದವಳು.

ನರಸಮ್ಮನಿಗೆ ಕಡ್ಡಿ ತೋರಿಸಿದೆ. ಕೆಂಪು ಚೂರನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಹೌದು ಎಂದಳು.

"ಕಾಳು?"

"ಬೇಡು ಅಂದಾಳ."

"ಹಂಗಾರ ಬೇಡು. ಉಡಿ ಒಡ್ಡು, ನೋಡೋಣ."

ಇಷ್ಟು ವರ್ಷದಲ್ಲಿ ನಾನು ಯಾರ ಮುಂದೆಯೂ ಸೆರಗು ಒಡ್ಡಿದವಳಲ್ಲ. ಗಂಡ ಸತ್ತ ವರ್ಷವೂ ಒಡ್ಡಲಿಲ್ಲ. ಒಡ್ಡಿದೆ. ನರಸಮ್ಮ ತನ್ನ ಜರಡಿಯಿಂದ ಒಂದು ಹಿಡಿ ಹಾಕಿ, "ಮೂರು ದಿನ ಸಪ್ಪನ ಉಪ್ಪಿಟ್ಟು ತಿನ್ನಿಸಿದ್ದಕ್ಕ," ಎಂದಳು. ಎಲ್ಲರೂ ನಕ್ಕರು. ಪಕ್ಕದವಳು, ಕಲ್ಲು ಜಾಸ್ತಿ ಇರುವುದನ್ನೇ ಹಾಕಿದ್ದೇನೆ, ಆರಿಸುತ್ತಾ ಕೂಡು ಎಂದಳು. ಒಬ್ಬೊಬ್ಬರ ಮುಂದೆಯೂ ನಿಂತೆ, ಒಬ್ಬೊಬ್ಬರ ಹೆಸರು ಕೇಳಿದೆ. ದುರುಗಮ್ಮ, ಈರಮ್ಮ, ಖಾಜಾಬೀ, ದೊಡ್ಡ ಬಸ್ಸಮ್ಮ, ಸಣ್ಣ ಬಸ್ಸಮ್ಮ. ನಿಮ್ಮದ್ಯಾವೂರು, ಯಾರ ಮಗಳು ಎಂದು ರಾಯಚೂರಿನಲ್ಲಿ ನನ್ನನ್ನು ಮೊದಲ ಸಲ ಕೇಳಿದ್ದು ಸಣ್ಣ ಬಸ್ಸಮ್ಮ. ಅವಳ ತವರು ಕವಿತಾಳ.

ಗೇಟಿನಲ್ಲಿ ಲಾರಿಯ ಹಾರ್ನು ಕೇಳಿಸಿತು. ಉಡಿಯಲ್ಲಿದ್ದದ್ದನ್ನು ಮೂಲೆಗೆ ಸುರಿದೆ. ಬಹಳ ಸಣ್ಣ ರಾಶಿ, ಕಡ್ಡಿ ನೆಟ್ಟಗೆ ನಿಲ್ಲಲಿಲ್ಲ. ಎರಡು ಸಲ ಸಿಕ್ಕಿಸಿದೆ, ಎರಡು ಸಲವೂ ಒರಗಿತು. ಆಗ ಆ ತೆಳ್ಳನೆಯವಳು ಬಂದು ತನ್ನ ಮೊರ ಬಗ್ಗಿಸಿದಳು. ಮೂರು ಹಿಡಿಯಾದರೂ ಇತ್ತು.

"ನಾನೂ ಕೊಟ್ಟೀನಂತ ಹುಲಿಗೆಮ್ಮಗ ಹೇಳು," ಎಂದು ಹಿಂದಿರುಗಿ ನೋಡದೆ ಕಟ್ಟೆಯ ಆ ತುದಿಗೆ ಹೋದಳು.

ಕಡ್ಡಿ ನಿಂತಿತು. ನಾನು ರಾಶಿಯ ಪಕ್ಕ ಕೂತೆ. ಮುಕಾದಮ ಬಂದ, ನನ್ನನ್ನೂ ಕಡ್ಡಿಯನ್ನೂ ನೋಡಿದ, ಹಮಾಲರ ಕಡೆ ಕೂಗುತ್ತಾ ಮುಂದೆ ಹೋದ. ಮೊದಲ ಚೀಲ ಬಿತ್ತು, ತೊಗರಿ ಚೆಲ್ಲಿತು, ಗುಡಿಸಿದೆ. ನರಸಮ್ಮ ತನ್ನ ಜರಡಿ ಎತ್ತಿಕೊಂಡು ಬಂದು ನನ್ನ ಮೊಣಕಾಲಿಗೆ ಅವಳ ಮೊಣಕಾಲು ತಾಗುವಷ್ಟು ಹತ್ತಿರ, ತನ್ನ ಮೂಲೆಯೂ ಹುಲಿಗೆಮ್ಮನ ಮೂಲೆಯೂ ಕೂಡುವ ಗಡಿಯಲ್ಲಿ ಕೂತಳು. ಸರಿದು ಕೂಡು ಎನ್ನಲು ಬಾಯಿಗೆ ಬಂದಿತ್ತು. ಅನ್ನಲಿಲ್ಲ.

ಬಿಸಿಲು ಕಟ್ಟೆಗೆ ಬಂದಾಗ ನಮ್ಮ ಗುಂಪು ಉಪ್ಪಿಟ್ಟಿನ ಡಬರಿ ಹೊತ್ತು ಗೇಟಿಗೆ ಬಂತು. ಹೆಂಗಸರು ಎದ್ದು ಸಾಲಿಗೆ ನಿಂತರು. ಪ್ರೇಮಾ ಮೇಡಂ ದೂರದಿಂದ ನನ್ನನ್ನು ಕಂಡು, ಸೌಟು ಕೆಳಗಿಟ್ಟು, ಕಟ್ಟೆಯವರೆಗೆ ನಡೆದು ಬಂದರು. ಕೈಯಲ್ಲಿ ಆ ಪಟ್ಟಿ ಇತ್ತು. ದೇವದುರ್ಗದ ಬಸ್ಸಿನ ಮಾತು ಶುರು ಮಾಡುವ ಮುಂಚೆ ನಾನೇ ಹೇಳಿದೆ.

"ನನ್ನ ತಟ್ಟಿ ಇಲ್ಲಿಗೇ ತರ್ರಿ ಮೇಡಂ. ಎದ್ರ ಜಾಗ ಹೋಗ್ತದ."